ರಾಕೆಟ್ಟಿನ ದಾರಿಗೆ ಹೆಜ್ಜೆಹೆಜ್ಜೆಯ ಲೆಕ್ಕ

1790ರ ಸೆಪ್ಟೆಂಬರಿನಿಂದ 1791ರ ಬೇಸಿಗೆಯವರೆಗೆ ಮರಾಠರೂ ಕಂಪನಿ ಸೈನ್ಯವೂ ಧಾರವಾಡ ಕೋಟೆಗೆ ಮುತ್ತಿಗೆ ಹಾಕಿದ್ದವು. ಒಳಗಿದ್ದವನು ಟಿಪ್ಪುವಿನ ಸರದಾರ ಬದ್ರುಜ್ಜಮಾನ್ ಖಾನ್. ಆಗ ಮೈಸೂರು ಸೇನೆಯಲ್ಲಿ ರಾಕೆಟ್ಟಿಗೆಂದೇ ದಳಗಳಿದ್ದವು. ಕೊಳವೆಯ ದಪ್ಪ, ಗುರಿಯ ದೂರ ನೋಡಿ ಎಷ್ಟು ಓರೆಯಾಗಿ ಹಾರಿಸಬೇಕೆಂದು ಅವರಿಗೆ ಕಲಿಸುತ್ತಿದ್ದರಂತೆ. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದ ಪಾಳುಬಾವಿಯಲ್ಲಿ ಅಂಥ ಸಾವಿರಕ್ಕೂ ಹೆಚ್ಚು ಕಬ್ಬಿಣದ ಕೊಳವೆಗಳು ಸಿಕ್ಕವು. ಬೆಂಗಳೂರಿನ ವಿಜ್ಞಾನಿ ರೊದ್ದಂ ನರಸಿಂಹ ಈ ರಾಕೆಟ್ಟುಗಳ ಚರಿತ್ರೆಯನ್ನು ಆಳವಾಗಿ ಅಭ್ಯಾಸ ಮಾಡಿದ್ದರು. ಹಾರಾಟದ ಅಂದಾಜು ನಮ್ಮ ನೆಲಕ್ಕೆ ಹೊಸದಲ್ಲ. ಆದರೆ ಅದು ಕೈ ಪಳಗಿ ಬಂದ ಅಂದಾಜು.

ಲೆಕ್ಕದ ದಾರಿ ಯುರೋಪಿನಲ್ಲಿ ತೆರೆದುಕೊಳ್ಳುತ್ತಿತ್ತು. ಗುಂಡನ್ನು ಗಾಳಿ ಎಷ್ಟು ಜೋರಾಗಿ ತಡೆಯುತ್ತದೆಂದು 1742ರಲ್ಲಿ ಬೆಂಜಮಿನ್ ರಾಬಿನ್ಸ್ ತನ್ನ ಪುಸ್ತಕದಲ್ಲಿ ತೋರಿಸಿದ. ಆ ಪುಸ್ತಕವನ್ನು ಜರ್ಮನ್ ಭಾಷೆಗೆ ತಂದ ಗಣಿತಜ್ಞ ಆಯ್ಲರ್, 1768ರಲ್ಲಿ ಅವಕಲ ಸಮೀಕರಣಗಳನ್ನು ಹೆಜ್ಜೆಹೆಜ್ಜೆಯಾಗಿ ಬಿಡಿಸುವ ಕ್ರಮ ಕೊಟ್ಟ. ರಾಕೆಟ್ಟಿಗೆ ಈ ಕ್ರಮವೇ ಗತಿ. 1903ರ ತ್ಸಿಯೋಲ್ಕೊವ್‌ಸ್ಕಿ ಸೂತ್ರ ಗುರುತ್ವ, ಗಾಳಿ ಎರಡನ್ನೂ ಬದಿಗಿಟ್ಟಾಗ ಮಾತ್ರ ನಿಖರ. ನಿಜವಾದ ರಾಕೆಟ್ಟಿನಲ್ಲಿ ಇಂಧನ ಉರಿದಂತೆ ತೂಕ ಇಳಿಯುತ್ತದೆ, ಮೇಲೇರಿದಂತೆ ಗಾಳಿ ತೆಳುವಾಗುತ್ತದೆ, ವೇಗ ಹೆಚ್ಚಿದಂತೆ ಗಾಳಿಯ ತಡೆಯೂ ಹೆಚ್ಚುತ್ತದೆ. ಒಂದು ಬದಲಾದರೆ ಉಳಿದವೂ ಬದಲಾಗುತ್ತವೆ. ಕತ್ತಲಲ್ಲಿ ಹೊಲದ ಬದುವಿನ ಮೇಲೆ ಬ್ಯಾಟರಿ ಬಿಟ್ಟು, ಒಂದು ಹೆಜ್ಜೆ ಇಟ್ಟು, ಮತ್ತೆ ಬೆಳಕು ಬಿಟ್ಟು ನಡೆದಂತೆ ಈ ಲೆಕ್ಕ.

100 ಗ್ರಾಂ ತೂಕದ ಪುಟ್ಟ ರಾಕೆಟ್ಟು, 5 ನ್ಯೂಟನ್ ನೂಕುಬಲ ಎಂದುಕೊಳ್ಳಿ; ಗಾಳಿಯ ತಡೆ, ತೂಕದ ಇಳಿಕೆ ಸದ್ಯಕ್ಕೆ ಬದಿಗಿರಲಿ. 5ನ್ನು 0.1ರಿಂದ ಭಾಗಿಸಿದರೆ 50, ಗುರುತ್ವದ 9.8 ಕಳೆದರೆ ವೇಗೋತ್ಕರ್ಷ 40.2. ಸೆಕೆಂಡಿನ ಹತ್ತನೇ ಒಂದು ಭಾಗ ಕಳೆದಾಗ ವೇಗ ಸೆಕೆಂಡಿಗೆ 4.02 ಮೀಟರ್. ಎತ್ತರ? ಆಯ್ಲರ್ ಕ್ರಮ ಹೆಜ್ಜೆಯ ಆರಂಭದ ವೇಗವನ್ನಷ್ಟೇ ನೋಡುತ್ತದೆ. ಅದು ಸೊನ್ನೆ, ಆದ್ದರಿಂದ ಎತ್ತರವೂ ಸೊನ್ನೆ! ನಡುವಿನ ವೇಗ ಹಿಡಿದರೆ 0.201 ಮೀಟರ್, ಅಂದರೆ ಸರಿಯಾದ ಉತ್ತರ. ಹೆಜ್ಜೆಯ ಒಳಗೂ ಇಣುಕಿ ನೋಡುವ ಈ ಉಪಾಯವನ್ನೇ ಗಣಿತಜ್ಞರಾದ ರುಂಗೆ 1895ರಲ್ಲಿ, ಕುಟ್ಟಾ 1901ರಲ್ಲಿ ಬೆಳೆಸಿದರು.

ಆದರೆ ದುಡಿಮೆ ಭಾರೀ. 60 ಸೆಕೆಂಡಿನ ಒಂದು ತೋಪುಗುಂಡಿನ ಪಥಕ್ಕೆ ಲೆಕ್ಕದ ಕೈಯಂತ್ರ ಹಿಡಿದವರು ಸುಮಾರು 20 ತಾಸು ಕೂರಬೇಕಿತ್ತು. 1945ರಲ್ಲಿ ಸಿದ್ಧವಾದ ಎನಿಯಾಕ್ ಕಂಪ್ಯೂಟರ್ ಅದನ್ನು ಅರ್ಧ ನಿಮಿಷಕ್ಕೆ ಇಳಿಸಿತು. ಆದರೂ ನನಗೆ ದೊಡ್ಡ ತಿರುವಾಗಿ ಕಾಣುವುದು 1969ರಲ್ಲಿ ನಾಸಾದ ಫೆಲ್‌ಬರ್ಗ್ ಪ್ರಕಟಿಸಿದ ಕ್ರಮ. ಅದು ಪ್ರತಿ ಹೆಜ್ಜೆಯಲ್ಲೂ ತನ್ನ ತಪ್ಪೆಷ್ಟೆಂದು ತಾನೇ ಅಳೆಯುತ್ತದೆ. ತಪ್ಪು ಹೆಚ್ಚಿದರೆ ಹೆಜ್ಜೆ ಕಿರಿದು, ಕಡಿಮೆಯಾದರೆ ಹಿರಿದು. ವೇಗಕ್ಕಿಂತ ಈ ಎಚ್ಚರ ದೊಡ್ಡದು.

ನಮ್ಮಲ್ಲಿ 1963ರಲ್ಲಿ ಕೇರಳದ ತುಂಬಾದಿಂದ ಬಾಹ್ಯಾಕಾಶ ಸಂಶೋಧನೆಯ ಮೊದಲ ರಾಕೆಟ್ ಹಾರಿತು. ಸತೀಶ್ ಧವನ್ ಇಸ್ರೊ ಅಧ್ಯಕ್ಷರಾಗಿದ್ದಾಗ, 1979ರ ಆಗಸ್ಟಿನಲ್ಲಿ ಎಸ್‌ಎಲ್‌ವಿ-3 ರಾಕೆಟ್ಟು ಎರಡನೇ ಹಂತದ ನಿಯಂತ್ರಣ ಕವಾಟ ಕೆಟ್ಟು ಬಂಗಾಳ ಕೊಲ್ಲಿಗೆ ಬಿತ್ತು. 1980ರ ಜುಲೈ 18ರಂದು ಗೆದ್ದಿತು. ಪಥದ ಲೆಕ್ಕ ಸರಿಯಿದ್ದರೆ ಸಾಲದು, ಎಲ್ಲೆಲ್ಲಿ ಎಷ್ಟು ಏರುಪೇರಾದರೂ ತಡೆದೀತು ಎಂಬುದೂ ಗೊತ್ತಿರಬೇಕು. ಅದಕ್ಕೇ ಗಾಳಿ, ತೂಕ, ನೂಕುಬಲಗಳನ್ನು ತುಸುತುಸು ಬದಲಿಸಿ ಒಂದೇ ಹಾರಾಟವನ್ನು ಕಂಪ್ಯೂಟರಿನಲ್ಲಿ ಸಾವಿರಾರು ಸಲ ಹಾರಿಸುತ್ತಾರೆ. ಶ್ರೀಹರಿಕೋಟಾದಲ್ಲಿ ಉಡಾವಣೆಗೆ ಮುನ್ನ ಬಲೂನು ಬಿಟ್ಟು ಮೇಲಿನ ಗಾಳಿ ಅಳೆಯುತ್ತಾರೆ. ಧ್ರುವೀಯ ಕಕ್ಷೆಗೆ ಹೊರಟ ಪಿಎಸ್‌ಎಲ್‌ವಿ ಶ್ರೀಲಂಕಾದ ಮೇಲೆ ಹಾಯದಂತೆ ದಾರಿಯಲ್ಲೇ ಹೊರಳುತ್ತದೆ.

ಇಂದು ಈ ವಿದ್ಯೆ ಹಳ್ಳಿಗೂ ಎಟುಕುತ್ತದೆ. 2009ರಲ್ಲಿ ಫಿನ್ಲೆಂಡಿನ ಸಾಂಪೊ ನಿಸ್ಕಾನೆನ್ ತಮ್ಮ ಸ್ನಾತಕೋತ್ತರ ಪ್ರಬಂಧದ ಅಂಗವಾಗಿ ಬರೆದ ಓಪನ್‌ರಾಕೆಟ್ ತಂತ್ರಾಂಶ ಉಚಿತ. ಅದರೊಳಗೆ ನಡೆಯುವುದೂ ರುಂಗೆ-ಕುಟ್ಟಾ ಲೆಕ್ಕವೇ. ಪಿಯುಸಿಯಲ್ಲಿ ಗಾಳಿ ಇಲ್ಲದ ಲೋಕದ ಪರವಲಯ ಬರೆಸಿ ಕೈಬಿಡುತ್ತೇವೆ. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಯ ಭೌತಶಾಸ್ತ್ರ ಮೇಷ್ಟ್ರುಗಳಲ್ಲಿ ನನ್ನ ವಿನಂತಿ: ಒಂದು ಎಕ್ಸೆಲ್ ಹಾಳೆ ತೆರೆಸಿ, ಮೇಲಿನ ಪುಟ್ಟ ರಾಕೆಟ್ಟಿನ ಲೆಕ್ಕದ ಎರಡನೇ ಹೆಜ್ಜೆಯನ್ನು ಗಾಳಿಯ ತಡೆ ಸೇರಿಸಿ ಮಕ್ಕಳಿಂದಲೇ ಮಾಡಿಸಿ.