ಕಾಳಿಯಿಂದ ಡೂಡಲ್‌ವರೆಗೆ: ದಂಡಿನ ಬೀದಿಯ ಗುಂಗುರು ನಾಯಿಗೆ ಯಾವ ಕೆಲಸ?

ಇವತ್ತಿನ ಕಥಾನಾಯಕನಿಗೆ ನಾಲ್ಕು ಕಾಲು.

ಬೆಳಗ್ಗೆ ಆರೂವರೆಗೆ ಹಲಸೂರು ಕೆರೆ ಬದಿಯಲ್ಲೋ, ಇಂದಿರಾನಗರದ ಡಿಫೆನ್ಸ್ ಕಾಲೊನಿಯಲ್ಲೋ ಒಂದು ಸುತ್ತು ಹೊಡೆದು ನೋಡಿ. ನಮ್ಮ ಚಿಕ್ಕಂದಿನಲ್ಲಿ ಇಲ್ಲದ ಒಂದು ನಾಯಿ ಈಗ ಕಣ್ಣಿಗೆ ಬೀಳುತ್ತೆ. ಕುರಿಮರಿಯಂಥ ಗುಂಗುರು ಕೂದಲು, ಆಟಿಕೆ ಗೊಂಬೆಯಂಥ ಮುಖ. ಯಾವ ಜಾತಿ ಅಂತ ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ: ಲ್ಯಾಬ್ರಡೂಡಲ್, ಗೋಲ್ಡನ್‌ಡೂಡಲ್, ಕಾಕಪೂ, ಮಾಲ್ಟಿಪೂ. ಹೆಸರು ಹಲವು, ಅರ್ಧ ರಕ್ತ ಒಂದೇ. ಅದು ಪೂಡಲ್. ಇನ್ನರ್ಧ ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ಕಾಕರ್ ಸ್ಪೇನಿಯಲ್ ಅಥವಾ ಮಾಲ್ಟೀಸ್.

ನಮ್ಮ ಮನೆಯಲ್ಲೂ ಒಂದಿದೆ. ಕಾಕರ್ ಮತ್ತು ಪೂಡಲ್ ಬೆರಕೆ. ಬಣ್ಣ ನೋಡಿ ರಾಗಿ ಅಂತ ಹೆಸರಿಟ್ಟಿದ್ದೇವೆ. ಕೊರೋನಾ ಕಾಲದಲ್ಲಿ ಮರಿ ತಂದ ಒಂದು ಕುಟುಂಬ, ಆಫೀಸು ಮತ್ತೆ ಶುರುವಾದ ಮೇಲೆ ನೋಡಿಕೊಳ್ಳೋಕೆ ಆಗಲ್ಲ ಅಂತ ಬಿಟ್ಟುಕೊಟ್ಟಿತು. ಎರಡು ವರ್ಷದವಳಾಗಿದ್ದಾಗ ನಮ್ಮಲ್ಲಿಗೆ ಬಂದಳು. ರಾಗಿ ಮುದ್ದಿನ ನಾಯಿಯಷ್ಟೇ ಅಲ್ಲ, ಅವಳಿಗೆ ಒಂದು ಕೆಲಸವೂ ಇದೆ. ಅದನ್ನು ಆಮೇಲೆ ಹೇಳ್ತೀನಿ. ಅದಕ್ಕೆ ಮುಂಚೆ ನಿಮ್ಮನ್ನು ಕಸ್ತೂರಬಾ ರಸ್ತೆಗೆ ಕರೆದುಕೊಂಡು ಹೋಗಬೇಕು.

ಅಲ್ಲಿ ಕೆಂಪು ಬಣ್ಣದ ಸರ್ಕಾರಿ ಮ್ಯೂಸಿಯಂ ಇದೆಯಲ್ಲ, 1865ರಲ್ಲಿ ಶುರುವಾಗಿದ್ದು, ಅದರೊಳಗೆ ಆತಕೂರು ಶಾಸನ ಇದೆ. ಮದ್ದೂರು ತಾಲ್ಲೂಕಿನ ಆತಕೂರಿನಿಂದ ಬಂದ ಕಲ್ಲು. ಕಾಲ ಕ್ರಿ.ಶ. 949-50. ತಕ್ಕೋಲದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನಿಗೂ ಚೋಳರಿಗೂ ಯುದ್ಧವಾಗಿ, ಚೋಳ ರಾಜಾದಿತ್ಯ ಸತ್ತ. ಕೃಷ್ಣನ ಪರವಾಗಿ ಹೋರಾಡಿದವನು ಗಂಗರ ಬೂತುಗ. ಬೂತುಗನ ಕಡೆಯ ವೀರ ಮಣಲೇರ. ಒಡೆಯ ಮೆಚ್ಚಿ, ಏನು ಬೇಕು ಕೇಳು ಅಂದಾಗ ಮಣಲೇರ ಹೊನ್ನು ಕೇಳಲಿಲ್ಲ, ಕಾಳಿ ಅನ್ನುವ ನಾಯಿಯನ್ನು ಕೇಳಿ ಪಡೆದ. ಆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಹಂದಿಯನ್ನು ಕೊಂದು ತಾನೂ ಸತ್ತಿತು. ಮಣಲೇರ ಅದಕ್ಕೆ ಕಲ್ಲು ನಿಲ್ಲಿಸಿದ, ಭೂಮಿ ಬಿಟ್ಟ, ಪೂಜೆಗೆ ಏರ್ಪಾಡು ಮಾಡಿದ. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಕಾದಾಡುವ ಚಿತ್ರ ಇದೆ.

ಗಮನಿಸಿ, ಶಾಸನ ಕಾಳಿಯ ಬಣ್ಣ ಎಷ್ಟು ಚೆಂದ ಅಂತ ಹೊಗಳೋದಿಲ್ಲ. ಅವಳು ಮಾಡಿದ ಕೆಲಸ ಹೇಳುತ್ತೆ. ಸಾವಿರ ವರ್ಷದ ಹಿಂದೆ ನಮ್ಮ ನಾಡಿನಲ್ಲಿ ನಾಯಿಗೆ ಮರ್ಯಾದೆ ಸಿಕ್ಕಿದ್ದು ಕೆಲಸದಿಂದ. ಮುಧೋಳದ ನಾಯಿಯ ಕಥೆಯೂ ಇದೇ. ಬಯಲುಸೀಮೆಯಲ್ಲಿ ಮೊಲದ ಹಿಂದೆ ಓಡಿದ ನಾಯಿ ಅದು. ಮುಧೋಳದ ಘೋರ್ಪಡೆ ರಾಜರು ಒಂದು ಜೋಡಿಯನ್ನು ಐದನೇ ಜಾರ್ಜ್ ದೊರೆಗೆ ಕೊಟ್ಟರು. 2005ರಲ್ಲಿ ಅಂಚೆ ಚೀಟಿ ಮೇಲೆ ಬಂತು, ಆಮೇಲೆ ಸೇನೆಗೂ ಹೋಯಿತು.

ಈಗ ದಂಡಿಗೆ ಬರೋಣ. ಹಳಬರು ಕಂಟೋನ್ಮೆಂಟ್ ಅನ್ನುತ್ತಿರಲಿಲ್ಲ, ದಂಡು ಅನ್ನುತ್ತಿದ್ದರು. ರೈಲ್ವೆ ಸ್ಟೇಷನ್ ಬೋರ್ಡಿನಲ್ಲಿ ಈಗಲೂ ಆ ಹೆಸರು ಉಳಿದಿದೆ. ಶ್ರೀರಂಗಪಟ್ಟಣದಲ್ಲಿ ಮಲೇರಿಯಾ ಕಾಟ ತಾಳದೆ ಬ್ರಿಟಿಷರು ಸೈನ್ಯವನ್ನು ಬೆಂಗಳೂರಿಗೆ ತಂದು, 1809ರಲ್ಲಿ ಹಲಸೂರಿನ ಪಕ್ಕ ದಂಡು ಕಟ್ಟಿದರು. ಸೈನ್ಯದ ಜೊತೆ ಬಂಗಲೆ ಬಂತು, ಬಂಗಲೆ ಜೊತೆ ಸಾಹೇಬರ ನಾಯಿ ಬಂತು. ಆ ಕಾಲದ ಇಂಗ್ಲಿಷ್ ಮನೆಗಳಲ್ಲಿ ಅಡುಗೆಯವನು, ಮಾಲಿ ಇದ್ದ ಹಾಗೆ ನಾಯಿ ನೋಡಿಕೊಳ್ಳೋಕೆ ಒಬ್ಬ ಹುಡುಗನೂ ಇರುತ್ತಿದ್ದ. ಅವನಿಗೆ ಡಾಗ್‌ಬಾಯ್ ಅಂತಲೇ ಹೆಸರು. ಸಾಹೇಬರ ನಾಯಿಗೆ ಆಳು. ಬೀದಿ ನಾಯಿಗೆ ದೊಣ್ಣೆ. ದಂಡಿನಲ್ಲಿ ನಾಯಿಗಳಿಗೂ ಎರಡು ಜಾತಿ ಆಗಿದ್ದು ಹೀಗೆ.

ಭಯಕ್ಕೆ ಕಾರಣವೂ ಇತ್ತು ಬಿಡಿ. ಹುಚ್ಚುನಾಯಿ ಕಚ್ಚಿದರೆ ಚುಚ್ಚುಮದ್ದಿಗಾಗಿ ಹಿಮಾಲಯದ ಕಸೌಲಿಗೆ ಹೋಗಬೇಕಿತ್ತು. ಅಲ್ಲಿ ಪಾಶ್ಚರ್ ಸಂಸ್ಥೆ ಶುರುವಾಗಿದ್ದು 1900ರಲ್ಲಿ. ದಕ್ಷಿಣಕ್ಕೆ ಅಂತ ಕೂನೂರಿನಲ್ಲಿ ಒಂದಾಗಿದ್ದು 1907ರಲ್ಲಿ.

ಪೂಡಲ್ ಸಂಬಂಧಕ್ಕೆ ದಂಡಿನ ಒಬ್ಬ ನಿವಾಸಿಯ ನೆನಪು ಬರುತ್ತೆ. 1896ರಲ್ಲಿ ನಾಲ್ಕನೇ ಹುಸಾರ್ಸ್ ರೆಜಿಮೆಂಟಿನ ಜೊತೆ ಇಲ್ಲಿಗೆ ಬಂದ ವಿನ್‌ಸ್ಟನ್ ಚರ್ಚಿಲ್. ಬೆಂಗಳೂರು ಕ್ಲಬ್ಬಿಗೆ 13 ರೂಪಾಯಿ ಬಾಕಿ ಉಳಿಸಿ ಹೋದವರು ಅಂತ ನಮಗೆಲ್ಲ ಗೊತ್ತು. ವಯಸ್ಸಾದ ಮೇಲೆ ಅವರ ಕಾಲ ಬಳಿ ಇರುತ್ತಿದ್ದದ್ದು ಬುಲ್‌ಡಾಗ್ ಅಲ್ಲ, ರೂಫಸ್ ಅನ್ನುವ ಕಂದು ಬಣ್ಣದ ಪೂಡಲ್. ಅದು ಸತ್ತ ಮೇಲೆ ಇನ್ನೊಂದು ಪೂಡಲ್ ಬಂತು, ಅದಕ್ಕೂ ರೂಫಸ್ ಅಂತಲೇ ಹೆಸರು.

ಪೂಡಲ್ ಅಂದರೆ ಶೋಕಿ ನಾಯಿ ಅಂತ ನಾವು ಅಂದುಕೊಳ್ತೀವಿ. ಅದೂ ಕೆಲಸದ ನಾಯಿಯೇ. ಜರ್ಮನ್ ಭಾಷೆಯ ಆ ಹೆಸರಿನಲ್ಲಿ ನೀರಿನಲ್ಲಿ ಪಚಪಚ ಓಡಾಡೋದು ಅನ್ನುವ ಅರ್ಥ ಇದೆ. ಫ್ರೆಂಚರು ಬಾತುಕೋಳಿ ಹೆಸರಿಂದ ಕನೀಶ್ ಅಂದರು. ಬೇಟೆಗಾರ ಹೊಡೆದ ಬಾತುಕೋಳಿಯನ್ನು ಕೆರೆಗಿಳಿದು ತರೋದು ಅದರ ವೃತ್ತಿ. ಈಜೋಕೆ ಸುಲಭ ಆಗಲಿ ಅಂತ ಮೈ ಬೋಳಿಸಿ, ಚಳಿ ತಾಗದಿರಲಿ ಅಂತ ಎದೆ ಮತ್ತು ಕೀಲುಗಳ ಮೇಲೆ ಕೂದಲು ಬಿಡುತ್ತಿದ್ದರು. ಆ ಕೆಲಸ ಹೋಯಿತು, ಕಟಿಂಗ್ ಮಾತ್ರ ಉಳಿಯಿತು.

ಬೆರಕೆಯ ಕಥೆ ಶುರುವಾಗಿದ್ದೂ ಒಂದು ಕೆಲಸದಿಂದಲೇ. ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ 1916ರಲ್ಲಿ ಜರ್ಮನಿಯ ಓಲ್ಡೆನ್‌ಬರ್ಗ್‌ನಲ್ಲಿ ದಾರಿ ತೋರಿಸುವ ನಾಯಿಗಳ ಶಾಲೆ ತೆರೆಯಿತು. 1929ರಲ್ಲಿ ಅಮೆರಿಕದಲ್ಲಿ ಸೀಯಿಂಗ್ ಐ ಸಂಸ್ಥೆ ಬಂತು. ಆಮೇಲೆ ಈ ಕೆಲಸಕ್ಕೆ ಹೆಚ್ಚಾಗಿ ನಿಂತವು ಲ್ಯಾಬ್ರಡಾರ್‌ಗಳು. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಗೈಡ್ ಡಾಗ್ ಸಂಸ್ಥೆಗೆ ಹವಾಯಿಯ ಅಂಧ ಮಹಿಳೆಯೊಬ್ಬರಿಂದ ಒಂದು ಕೋರಿಕೆ ಬಂತು: ನನಗೆ ನಾಯಿ ಬೇಕು, ಆದರೆ ನನ್ನ ಗಂಡನಿಗೆ ನಾಯಿ ಕೂದಲು ಅಲರ್ಜಿ. ಅಲ್ಲಿ ತಳಿ ವಿಭಾಗ ನೋಡಿಕೊಳ್ಳುತ್ತಿದ್ದ ವಾಲಿ ಕಾನ್ರನ್ ಮೊದಲು ಪೂಡಲ್‌ಗಳನ್ನೇ ಪರೀಕ್ಷಿಸಿದರು. ಒಂದೂ ಈ ಕೆಲಸಕ್ಕೆ ಒಗ್ಗಲಿಲ್ಲ. 1989ರಲ್ಲಿ ಲ್ಯಾಬ್ರಡಾರ್‌ಗೂ ಪೂಡಲ್‌ಗೂ ಕೂಡಿಸಿದರು. ಮೂರು ಮರಿ ಹುಟ್ಟಿದವು. ಮರಿಗಳ ಕೂದಲು, ಜೊಲ್ಲಿನ ಮಾದರಿಯನ್ನು ಹವಾಯಿಗೆ ಕಳಿಸಿದಾಗ, ಆ ಗಂಡನಿಗೆ ತೊಂದರೆ ಕೊಡದೇ ಇದ್ದದ್ದು ಒಂದೇ ಮರಿ. ಅದರ ಹೆಸರು ಸುಲ್ತಾನ್. ಸುಲ್ತಾನ್ ಹವಾಯಿಗೆ ಹೋಗಿ ಆ ಮಹಿಳೆಗೆ ದಾರಿ ತೋರಿಸಿತು.

ಈ ಮರಿಗಳನ್ನು ಸಾಕೋಕೆ ಮೊದಲು ಯಾರೂ ಮುಂದೆ ಬಂದಿರಲಿಲ್ಲ. ಬೆರಕೆ ನಾಯಿ ಯಾರಿಗೆ ಬೇಕು? ಆಗ ಪತ್ರಿಕೆಯವರಿಗೆ ಲ್ಯಾಬ್ರಡೂಡಲ್ ಅನ್ನುವ ಹೆಸರು ಕೊಟ್ಟರು. ನಾಯಿ ಅದೇ, ಹೆಸರು ಹೊಸದು. ಫೋನಿನ ಮೇಲೆ ಫೋನ್. ಆಮೇಲೆ ಅದು ಮಾರುಕಟ್ಟೆಯ ಸರಕಾಯಿತು. ಯಾರ್‍ಯಾರೋ ಏನೇನನ್ನೋ ಪೂಡಲ್ ಜೊತೆ ಕೂಡಿಸಿ ಮರಿ ಮಾರತೊಡಗಿದ್ದು ಕಂಡು, 2019ರಲ್ಲಿ ಕಾನ್ರನ್ ತಾವು ಮಾಡಿದ್ದಕ್ಕೆ ಪಶ್ಚಾತ್ತಾಪ ಆಗಿದೆ ಅಂತ ಬಹಿರಂಗವಾಗಿಯೇ ಹೇಳಿದರು. ಒಬ್ಬ ಹೆಂಗಸಿನ ಅಗತ್ಯಕ್ಕೆ ಹುಟ್ಟಿದ ನಾಯಿ, ಮೂವತ್ತು ವರ್ಷದಲ್ಲಿ ಫ್ಯಾಷನ್ ಆಗಿತ್ತು.

ಬೆಂಗಳೂರಿಗೆ ಈ ಫ್ಯಾಷನ್ ಹೊಸದೇನಲ್ಲ. ಒಂದು ಕಾಲಕ್ಕೆ ನಮ್ಮ ಮನೆಮನೆಯಲ್ಲೂ ಬಿಳಿ ಪಾಮೇರಿಯನ್ ಇರುತ್ತಿತ್ತು. 1994ರ ಹಿಂದಿ ಸಿನಿಮಾದ ಟಫಿ ಅದಕ್ಕೆ ಇನ್ನಷ್ಟು ಬೇಡಿಕೆ ತಂತು. 2003ರಲ್ಲಿ ಹಚ್ ಮೊಬೈಲ್ ಜಾಹೀರಾತು ಬಂದ ಮೇಲೆ ಪಗ್. ಆಮೇಲೆ ಈ ಸೆಕೆಯಲ್ಲಿ ಏದುಸಿರು ಬಿಡುವ ಹಸ್ಕಿ. ಈಗ ಡೂಡಲ್. ಒಂದೊಂದು ಅಲೆ ಇಳಿದಾಗಲೂ ಒಂದಷ್ಟು ನಾಯಿಗಳು ಬೀದಿಗೆ ಬೀಳ್ತವೆ. 1991ರಲ್ಲಿ ಕ್ರಿಸ್ಟಲ್ ರೋಜರ್ಸ್ ಇದೇ ಊರಿನಲ್ಲಿ ಕ್ಯೂಪಾ ಶುರು ಮಾಡಿದರು. ದೆಹಲಿ, ಜೈಪುರಗಳಲ್ಲಿ ಪ್ರಾಣಿಗಳಿಗಾಗಿ ದುಡಿದು, ಇಳಿವಯಸ್ಸಿನಲ್ಲಿ ಇಲ್ಲಿಗೆ ಬಂದ ಇಂಗ್ಲಿಷ್ ಮಹಿಳೆ ಅವರು. ಬೀದಿ ನಾಯಿಗೆ ದೊಣ್ಣೆ ಹಿಡಿದಿದ್ದ ಊರಿನಲ್ಲಿ ಬ್ಯಾಂಡೇಜು ಹಿಡಿದು ನಿಂತ ಆ ತಲೆಮಾರಿನವರಿಗೆ ನಾವು ಋಣಿಗಳು.

ಈಗ ರಾಗಿ ವಿಷಯ. ನನ್ನ ಅಮ್ಮನಿಗೆ ಎಪ್ಪತ್ತಾರು. ಕಿವಿ ಸರಿಯಾಗಿ ಕೇಳೋದಿಲ್ಲ, ಮಷೀನು ಹಾಕಿಕೊಂಡರೆ ತಲೆ ಗುಂಯ್ ಅನ್ನುತ್ತೆ ಅಂತ ತೆಗೆದಿಟ್ಟುಬಿಡ್ತಾರೆ. ನಾನು ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿ ಅವರೊಬ್ಬರೇ. ಎಷ್ಟು ಸಲ ಕುಕ್ಕರ್ ತಳ ಹಿಡಿದು ಸೀದಿದೆಯೋ ಲೆಕ್ಕವಿಲ್ಲ. ರಾಗಿ ಬಂದ ಮೇಲೆ ತರಬೇತಿ ಕೊಡುವವರೊಬ್ಬರ ಸಲಹೆಯಂತೆ ಏಳೆಂಟು ತಿಂಗಳು ದಿನಾ ಹತ್ತು ನಿಮಿಷ ಕಲಿಸಿದೆವು. ಮೂರೇ ಶಬ್ದ: ಕಾಲಿಂಗ್ ಬೆಲ್, ಕುಕ್ಕರ್ ವಿಷಲ್, ಫೋನು. ಶಬ್ದ ಕೇಳಿದ ಕೂಡಲೇ ಅಮ್ಮನ ಮಂಡಿಗೆ ಮೂತಿ ತಾಗಿಸಬೇಕು, ಆಮೇಲೆ ಶಬ್ದ ಬಂದ ಕಡೆ ಕರೆದೊಯ್ಯಬೇಕು. ಸರಿಯಾಗಿ ಮಾಡಿದರೆ ಒಂದು ಚೂರು ಬೇಯಿಸಿದ ಕೋಳಿ. ಈಗ ಮೂರನೇ ವಿಷಲ್ಲಿಗೆ ಅಮ್ಮ ಎದ್ದು ಹೋಗಿ ಒಲೆ ಆರಿಸ್ತಾರೆ. "ನೀನು ಹತ್ತು ಸಲ ಕೂಗಿದರೂ ನಂಗೆ ಕೇಳಲ್ಲ ಕಣೇ, ಇವಳು ಒಂದು ಸಲ ಮುಟ್ಟಿದರೆ ಸಾಕು" ಅಂತಾರೆ.

ಈ ಜಾಣತನಕ್ಕೆ ಬೆಲೆ ತೆರಬೇಕು. ಪೂಡಲ್ ಕೂದಲು ಉದುರೋದಿಲ್ಲ ಅಂತಾರೆ. ನಿಜ ಏನಂದರೆ, ಉದುರಿದ್ದು ಗುಂಗುರಿನಲ್ಲೇ ಸಿಕ್ಕಿಕೊಳ್ಳುತ್ತೆ. ಮೂರು ದಿನ ಬಾಚದಿದ್ದರೆ ಜಡೆಗಟ್ಟುತ್ತೆ. ಮಳೆಗಾಲದಲ್ಲಿ ಆ ಜಡೆಯೊಳಗೆ ಉಣ್ಣಿ ಕೂತರೆ ಕಣ್ಣಿಗೆ ಕಾಣೋದೇ ಇಲ್ಲ, ಉಣ್ಣಿ ಜ್ವರ ನಮ್ಮೂರ ನಾಯಿಗಳನ್ನು ಕೊಲ್ಲುವ ಕಾಯಿಲೆ. ಅದಕ್ಕೇ ನಾವು ರಾಗಿಗೆ ಕೂದಲು ಗಿಡ್ಡವಾಗಿಯೇ ಇಡೋದು. ಫೋಟೋದಲ್ಲಿ ಚೆನ್ನಾಗಿ ಬೀಳಲ್ಲ, ಬೀಳದಿದ್ದರೆ ಬೇಡ.

ಅಲರ್ಜಿ ಆಗದ ನಾಯಿ ಅನ್ನೋದೂ ಮಾರುವವರ ಮಾತು. ಅಲರ್ಜಿ ತರೋದು ಕೂದಲಲ್ಲ, ಜೊಲ್ಲು ಮತ್ತು ಚರ್ಮದ ಹೊಟ್ಟಿನಲ್ಲಿರುವ ಪ್ರೋಟೀನು. 2012ರಲ್ಲಿ ನೆದರ್‌ಲ್ಯಾಂಡ್ಸ್‌ನ ಸಂಶೋಧಕರು ಅಳೆದು ನೋಡಿದಾಗ, ಪೂಡಲ್, ಲ್ಯಾಬ್ರಡೂಡಲ್‌ನಂಥ ನಾಯಿಗಳ ಕೂದಲಿನಲ್ಲಿ ಆ ಪ್ರೋಟೀನು ಬೇರೆ ನಾಯಿಗಳಿಗಿಂತ ಹೆಚ್ಚೇ ಇತ್ತು, ಮನೆಯ ಗಾಳಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಸುಲ್ತಾನನ ಕಥೆಯೂ ಇದನ್ನೇ ಹೇಳೋದು, ಅಲ್ವಾ? ಮೂರರಲ್ಲಿ ಒಂದೇ ಮರಿ ಹೊಂದಿದ್ದು.

ಇಷ್ಟೆಲ್ಲ ಯಾಕೆ ಹೇಳ್ತಿದೀನಿ ಅಂದರೆ, ನಮ್ಮ ಬೀದಿಯಲ್ಲಿ ಹೋಗುವಾಗ ನನಗೆ ಪದೇ ಪದೇ ಎದುರಾಗುವ ಪ್ರಶ್ನೆ ಒಂದಿದೆ. "ಮೇಡಂ, ಮೇಟಿಂಗ್ ಮಾಡಿಸ್ತೀರಾ? ಮರಿಗೆ ಒಳ್ಳೆ ರೇಟಿದೆ." ರಾಗಿಗೆ ಆಪರೇಷನ್ ಆಗಿದೆ ಅಂದರೆ ಮುಖ ಸಪ್ಪಗಾಗುತ್ತೆ. ಒಬ್ಬರಂತೂ "ಅಯ್ಯೋ, ಲಕ್ಷ್ಮಿಯನ್ನು ಒದ್ದುಬಿಟ್ರಿ" ಅಂದರು.

ಬೆರಕೆ ಅಂದರೆ ಆರೋಗ್ಯ ಗಟ್ಟಿ ಅನ್ನುವ ನಂಬಿಕೆ ಅರ್ಧ ಸರಿ. ತಂದೆ ತಾಯಿ ಇಬ್ಬರಲ್ಲೂ ಒಂದೇ ದೋಷ ಇದ್ದರೆ ಬೆರಕೆ ಕಾಪಾಡೋದಿಲ್ಲ. ಕಣ್ಣಿನ ರೆಟಿನಾ ಸವೆದು ನಾಯಿ ಕುರುಡಾಗುವ ಒಂದು ವಂಶವಾಹಿ ಕಾಯಿಲೆ ಇದೆ. ಅದು ಪೂಡಲ್‌ನಲ್ಲೂ ಇದೆ, ಲ್ಯಾಬ್ರಡಾರ್‌ನಲ್ಲೂ ಇದೆ, ಕಾಕರ್‌ನಲ್ಲೂ ಇದೆ. ಪರೀಕ್ಷೆ ಮಾಡಿಸದೆ ಕೂಡಿಸಿದರೆ, ಕುರುಡರಿಗೆ ದಾರಿ ತೋರಿಸಲಿ ಅಂತ ಹುಟ್ಟಿಸಿದ ವಂಶದಲ್ಲೇ ಕುರುಡು ಮರಿ ಹುಟ್ಟಬಹುದು. 2022ರ '777 ಚಾರ್ಲಿ' ನೋಡಿ ಇಡೀ ಕರ್ನಾಟಕ ಅತ್ತಿತು. ಆ ಸಿನಿಮಾದ ಹಿಂದಿನ ನೋವು ಇದೇ: ದುಡ್ಡಿಗಾಗಿ ಹೇಗೆಂದರೆ ಹಾಗೆ ಮರಿ ಹಾಕಿಸೋದು.

ಕಾನೂನು ಇಲ್ಲ ಅಂತಲ್ಲ. ಕೇಂದ್ರದ 2017ರ ನಾಯಿ ತಳಿ ಸಂವರ್ಧನೆ ಮತ್ತು ಮಾರಾಟ ನಿಯಮಗಳ ಪ್ರಕಾರ ಮರಿ ಮಾಡಿಸಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. 18 ತಿಂಗಳು ತುಂಬದ ಹೆಣ್ಣು ನಾಯಿಗೆ ಮರಿ ಹಾಕಿಸುವಂತಿಲ್ಲ, 8 ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಮರಿ ಕೊಳ್ಳೋಕೆ ಹೋದವರು ನೋಂದಣಿ ಪತ್ರ ಕೇಳಬೇಕು, ತಾಯಿ ನಾಯಿಯನ್ನು ತೋರಿಸಿ ಅನ್ನಬೇಕು, ಎರಡೂ ಕಡೆಯ ಕಣ್ಣು ಮತ್ತು ಸೊಂಟದ ಪರೀಕ್ಷೆಯ ವರದಿ ಕೇಳಬೇಕು. ತಾಯಿಯನ್ನು ತೋರಿಸದವರ ಹತ್ತಿರ ಮರಿ ತರಬೇಡಿ. ಡೂಡಲ್‌ಗೆ ಪೇಪರ್ ಇದೆ ಅಂದರೂ ನಂಬಬೇಡಿ, ದೊಡ್ಡ ಕೆನಲ್ ಕ್ಲಬ್‌ಗಳು ಇದನ್ನು ತಳಿ ಅಂತ ಒಪ್ಪಿಯೇ ಇಲ್ಲ.

ಇನ್ನೊಂದು ಮಾತು. ಕೆಲಸದ ನಾಯಿ ಅಂದರೆ ನಮಗೆ ನೆನಪಾಗೋದು ಪೊಲೀಸ್ ನಾಯಿ, ಸೈನ್ಯದ ನಾಯಿ. ಬೆಂಗಳೂರಿನ ಹೊರಗೆ ತರಳುವಿನಲ್ಲಿ ಸಿಆರ್‌ಪಿಎಫ್‌ನವರ ನಾಯಿ ಶಾಲೆಯೇ ಇದೆ. ಮನೆಯೊಳಗೆ ಒಬ್ಬರಿಗೆ ಕಿವಿಯಾಗಿ, ಕಣ್ಣಾಗಿ ಇರುವ ನಾಯಿಗೆ ಮಾತ್ರ ನಮ್ಮಲ್ಲಿ ಇನ್ನೂ ಜಾಗವಿಲ್ಲ. ಅಮ್ಮನ ಜೊತೆ ರಾಗಿಯನ್ನು ಕರೆದುಕೊಂಡು ಹೊರಟರೆ ಆಟೋದವರು ತಲೆ ಅಲ್ಲಾಡಿಸ್ತಾರೆ. ಕಿವಿ ಪರೀಕ್ಷೆಗೆ ಹೋದ ಕಡೆ ಗೇಟಿನಲ್ಲೇ ತಡೆದರು. "ಇದು ಕೆಲಸ ಮಾಡುವ ನಾಯಿ" ಅಂದರೆ, "ಎಲ್ಲರೂ ಹಾಗೇ ಹೇಳ್ತಾರೆ" ಅಂದರು. ಅವರ ಮಾತಿನಲ್ಲೂ ಹುರುಳಿದೆ. ಶೋಕಿಗೆ ತಂದ ನಾಯಿಗಳೇ ಊರು ತುಂಬಿದಾಗ, ಕೆಲಸದ ನಾಯಿಯನ್ನು ಗುರುತಿಸೋದು ಹೇಗೆ?

ಮಣಲೇರನಿಗೆ ಆ ಗೊಂದಲ ಇರಲಿಲ್ಲ. ಅವನು ನಾಯಿಯನ್ನು ಕೇಳಿ ಪಡೆದ, ಕೆಲಸ ಕೊಟ್ಟ, ಸತ್ತ ಮೇಲೂ ಅದರ ಹೊಣೆ ಹೊತ್ತ. ಅದಕ್ಕೇ ಕಾಳಿಯ ಹೆಸರು ಉಳಿಯಿತು. ಡೂಡಲ್ ಆಗಲಿ, ಬೀದಿ ನಾಯಿ ಆಗಲಿ, ತರುವ ಮುಂಚೆ ಕೇಳಿಕೊಳ್ಳಬೇಕಾದ್ದು ಇಷ್ಟೇ: ಇದಕ್ಕೆ ನಮ್ಮ ಮನೆಯಲ್ಲಿ ಏನು ಕೆಲಸ? ಹದಿನಾಲ್ಕು ಹದಿನೈದು ವರ್ಷ ಇದರ ಕೆಲಸ ಮಾಡೋರು ಯಾರು?

ಈ ಭಾನುವಾರ ಬಿಡುವಿದ್ದರೆ ಮಕ್ಕಳನ್ನು ಕರೆದುಕೊಂಡು ಕಸ್ತೂರಬಾ ರಸ್ತೆಗೆ ಹೋಗಿ ಆ ಕಲ್ಲು ನೋಡಿ ಬನ್ನಿ.