ಹಳೆಯ ಆವೃತ್ತಿಯೇ ಚೆನ್ನಾಗಿತ್ತು: ಅಪ್‌ಡೇಟ್ ಮಾಡದಿದ್ದರೆ ಏನಾಗುತ್ತದೆ?

‘ಹೊಸ ಅಪ್‌ಡೇಟ್ ಹಾಕಿಕೊಳ್ಳಬೇಡಿ, ಫೋನ್ ಹಾಳಾಗುತ್ತದೆ. ಹಳೆಯ ಆವೃತ್ತಿ ಬೇಕಿದ್ದರೆ ಈ ಲಿಂಕ್ ಒತ್ತಿ’ ಎಂಬ ಧಾಟಿಯ ಸಂದೇಶಗಳು ವಾಟ್ಸ್‌ಆಪ್ ಗುಂಪುಗಳಲ್ಲಿ ಆಗಾಗ ಬರುತ್ತವೆ. ಅಪ್‌ಡೇಟ್ ಆದ ಮರುದಿನ ಬೇಕಾದ ಬಟನ್ ಸಿಗದೆ ಪರದಾಡಿದವರು ಇಂಥ ಮಾತನ್ನು ಸುಲಭವಾಗಿ ನಂಬುತ್ತಾರೆ. ಇದರಲ್ಲಿ ನಿಜವೆಷ್ಟು, ಅಪಾಯವೆಷ್ಟು?

ಹಳೆಯದೇ ಇಷ್ಟವಾಗುವುದು ಏಕೆ?

ದಿನವೂ ಬಳಸುವ ಆಪ್‌ನಲ್ಲಿ ನಾವು ಪ್ರತಿ ಬಟನ್ನನ್ನೂ ಓದಿ ಒತ್ತುವುದಿಲ್ಲ. ಕರೆಂಟು ಹೋದಾಗಲೂ ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿ ಸಿಗುವಂತೆ, ಬೆರಳು ತಾನಾಗಿಯೇ ಆ ಜಾಗಕ್ಕೆ ಹೋಗುತ್ತದೆ. ವಿನ್ಯಾಸ ಬದಲಾದಾಗ ಈ ಅಭ್ಯಾಸ ಕೆಲಸಕ್ಕೆ ಬಾರದಂತಾಗಿ, ಮತ್ತೆ ಹುಡುಕಿ ಕಲಿಯಬೇಕಾಗುತ್ತದೆ. ಮತ್ತೆ ಮತ್ತೆ ಕಂಡದ್ದು ಹೆಚ್ಚು ಇಷ್ಟವಾಗುತ್ತದೆ ಎಂಬುದನ್ನು ಮನೋವಿಜ್ಞಾನಿ ರಾಬರ್ಟ್ ಝಯಾನ್ಸ್ 1968ರಲ್ಲೇ ಪ್ರಯೋಗಗಳ ಮೂಲಕ ತೋರಿಸಿದ್ದರು. ಹಾಗಾಗಿ ಇದು ವಯಸ್ಸಾದವರ ಅಥವಾ ತಂತ್ರಜ್ಞಾನ ಗೊತ್ತಿಲ್ಲದವರ ಸಮಸ್ಯೆಯಷ್ಟೇ ಅಲ್ಲ.

ಬಳಕೆದಾರರ ದೂರು ಸರಿಯೇ?

ಎಷ್ಟೋ ಸಲ ಸರಿಯೇ. 2012ರಲ್ಲಿ ಬಂದ ವಿಂಡೋಸ್ 8ರಲ್ಲಿ ಪರಿಚಿತ ಸ್ಟಾರ್ಟ್ ಬಟನ್ ಇರಲಿಲ್ಲ. ಭಾರೀ ಅಸಮಾಧಾನ ಎದ್ದ ನಂತರ 2013ರ ವಿಂಡೋಸ್ 8.1ರಲ್ಲಿ ಬಟನ್ ಮರಳಿತು. ಸ್ಟಾರ್ಟ್ ಮೆನು ಮರಳಿದ್ದು 2015ರ ವಿಂಡೋಸ್ 10ರಲ್ಲಿ.

ನಮ್ಮ ಅನೇಕ ಡಿಟಿಪಿ ಕೇಂದ್ರಗಳು 2001ರ ಪೇಜ್‌ಮೇಕರ್ 7 ಅನ್ನು ಬಹುಕಾಲ ಬಿಡದಿದ್ದಕ್ಕೂ ಕಾರಣವಿತ್ತು. ಯೂನಿಕೋಡ್‌ಗೆ ಮುಂಚಿನ ಕನ್ನಡ ಫಾಂಟ್‌ಗಳಲ್ಲಿ ಸಿದ್ಧಪಡಿಸಿದ ಕಡತವನ್ನು ಪರಿವರ್ತಿಸದೆ ಯೂನಿಕೋಡ್ ಫಾಂಟ್‌ನಲ್ಲಿ ತೆರೆದರೆ, ಅಕ್ಷರಗಳ ಬದಲು ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ವರ್ಷಗಳ ಕೆಲಸ ಹಾಗಾಗಬಾರದೆಂದು ಹಳೆಯ ತಂತ್ರಾಂಶ ಉಳಿಸಿಕೊಂಡವರನ್ನು ಸೋಮಾರಿಗಳು ಎನ್ನಲಾಗದು.

ಅಪ್‌ಡೇಟ್‌ನಿಂದ ಫೋನ್ ನಿಧಾನವಾಗುತ್ತದೆಯೇ?

ಈ ಅನುಮಾನಕ್ಕೂ ಆಧಾರವಿದೆ. ಬ್ಯಾಟರಿ ಹಳತಾದ ಕೆಲವು ಐಫೋನ್‌ಗಳ ವೇಗವನ್ನು ಅಪ್‌ಡೇಟ್ ಮೂಲಕ ತಗ್ಗಿಸಿದ್ದಾಗಿ ಆಪಲ್ 2017ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡಿತು. ಫೋನ್ ಏಕಾಏಕಿ ಆಫ್ ಆಗುವುದನ್ನು ತಡೆಯಲು ಹೀಗೆ ಮಾಡಿದ್ದೆಂಬುದು ಅದರ ವಿವರಣೆ. ಇದನ್ನು ಮೊದಲೇ ಸ್ಪಷ್ಟವಾಗಿ ತಿಳಿಸದಿದ್ದಕ್ಕೆ ಕಂಪನಿ ಕ್ಷಮೆ ಕೇಳಿತು. ಅಂಥ ಫೋನಿಗೆ ಹೊಸ ಬ್ಯಾಟರಿ ಹಾಕಿಸಿದರೆ ವೇಗ ಮರಳುತ್ತಿತ್ತು. ಹೊಸ ಆವೃತ್ತಿ ಹೆಚ್ಚು ಮೆಮೊರಿ ಬೇಡಿ ಹಳೆಯ ಫೋನನ್ನು ನಿಧಾನಗೊಳಿಸುವುದೂ ಉಂಟು. ಆದರೆ ಎಲ್ಲ ಅಪ್‌ಡೇಟೂ ಹಾಗಲ್ಲ.

ಹಾಗಾದರೆ ಅಪಾಯ ಎಲ್ಲಿದೆ?

ಅಪ್‌ಡೇಟ್ ಎಂಬ ಒಂದೇ ಪೊಟ್ಟಣದಲ್ಲಿ ಎರಡು ಸಾಮಾನುಗಳಿರಬಹುದು: ಒಂದು ಹೊಸ ರೂಪ, ಇನ್ನೊಂದು ಭದ್ರತಾ ದುರಸ್ತಿ. ರೂಪ ಬೇಡವೆಂದು ಪೊಟ್ಟಣವನ್ನೇ ವಾಪಸು ಕಳಿಸಿದರೆ ದುರಸ್ತಿಯೂ ತಪ್ಪುತ್ತದೆ. ದುರಸ್ತಿ ಪ್ರಕಟವಾದ ಮೇಲೆ ದೋಷ ಎಲ್ಲಿದೆ ಎಂಬುದು ವಂಚಕರಿಗೂ ತಿಳಿಯುತ್ತದೆ. ಆಗ ಅಪ್‌ಡೇಟ್ ಮಾಡದವರೇ ಅವರ ಗುರಿ.

2017ರ ಮೇ 12ರಂದು ಹರಡಿದ ವಾನಾಕ್ರೈ ದಾಳಿ ಇದಕ್ಕೆ ಉದಾಹರಣೆ. ಅದು ಬಳಸಿಕೊಂಡ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ದುರಸ್ತಿ ಕೊಟ್ಟಿತ್ತು. ಅದನ್ನು ಹಾಕಿಕೊಳ್ಳದ ಕಂಪ್ಯೂಟರ್‌ಗಳ ಕಡತಗಳಿಗೆ ಬೀಗ ಬಿದ್ದು, ಬಿಡಿಸಲು ಹಣದ ಬೇಡಿಕೆ ಬಂತು. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ ಸುಮಾರು 19,000 ರೋಗಿಗಳ ಭೇಟಿಗಳು ರದ್ದಾದವೆಂಬ ಅಂದಾಜು ಅಲ್ಲಿನ ಲೆಕ್ಕಪರಿಶೋಧನಾ ಸಂಸ್ಥೆಯ ವರದಿಯಲ್ಲಿದೆ.

ಲಿಂಕ್ ಒತ್ತಿ ‘ಹಳೆಯ ಆವೃತ್ತಿ’ ಇಳಿಸಿಕೊಳ್ಳುವುದರಲ್ಲಿ ಇನ್ನೊಂದು ಅಪಾಯವಿದೆ. ಆ ಕಡತವನ್ನು ಯಾರು ತಿದ್ದಿದ್ದಾರೆ, ಒಳಗೆ ಏನು ಸೇರಿಸಿದ್ದಾರೆ ಎಂದು ನಮಗೆ ತಿಳಿಯುವುದಿಲ್ಲ. ಬ್ಯಾಂಕ್ ಆಪ್, ಯುಪಿಐ ಇರುವ ಫೋನಿನಲ್ಲಿ ಇದು ಹಣದ ಪ್ರಶ್ನೆ.

ಹಳೆಯ ರೂಪ, ಹೊಸ ಭದ್ರತೆ ಎರಡೂ ಸಿಗುತ್ತವೆಯೇ?

ಹಲವು ಕಡೆ ಸಿಗುತ್ತವೆ. ಉಬುಂಟುವಿನ ದೀರ್ಘಾವಧಿ ಆವೃತ್ತಿಗೆ 5 ವರ್ಷ ಭದ್ರತಾ ದುರಸ್ತಿ ಸಿಗುತ್ತದೆ, ರೂಪ ಹೆಚ್ಚು ಬದಲಾಗುವುದಿಲ್ಲ. ಫೋನಿನಲ್ಲಿ ಹೀಗೆ ಮಾಡಬಹುದು:

• ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನ ‘ಅಬೌಟ್ ಫೋನ್’ ಭಾಗದಲ್ಲಿ ಭದ್ರತಾ ಅಪ್‌ಡೇಟ್ ದಿನಾಂಕ ನೋಡಿ. ಅದು ವರ್ಷಗಳಷ್ಟು ಹಳೆಯದಾಗಿದ್ದು, ಹೊಸತೂ ಬರುತ್ತಿಲ್ಲವಾದರೆ ಆ ಫೋನಿನಲ್ಲಿ ಹಣದ ವ್ಯವಹಾರ ಬೇಡ.

• ಭದ್ರತಾ ಅಪ್‌ಡೇಟ್ ಬಂದ ಕೂಡಲೇ ಹಾಕಿಕೊಳ್ಳಿ. ಇಡೀ ಆಂಡ್ರಾಯ್ಡ್ ಆವೃತ್ತಿ ಬದಲಾಗುವುದಿದ್ದರೆ ಫೋಟೋ, ಸಂಪರ್ಕಗಳ ಬ್ಯಾಕಪ್ ಮಾಡಿ, ಕೆಲ ದಿನ ಕಾದು ನೋಡುವುದು ತಪ್ಪಲ್ಲ.

• ಅಪ್‌ಡೇಟ್ ನಂತರ ಸೆಟ್ಟಿಂಗ್ಸ್ ಹುಡುಕಿ. ಉದಾಹರಣೆಗೆ, ಪರದೆಯ ಕೆಳಗಿದ್ದ 3 ಬಟನ್‌ಗಳು ಮಾಯವಾಗಿದ್ದರೆ ಅವನ್ನು ಹೆಚ್ಚಿನ ಫೋನ್‌ಗಳಲ್ಲಿ ಮರಳಿ ತರಬಹುದು.

• ಆಪ್‌ಗಳನ್ನು ಪ್ಲೇ ಸ್ಟೋರ್‌ನಿಂದಲೇ ಅಪ್‌ಡೇಟ್ ಮಾಡಿ, ಸಂದೇಶದಲ್ಲಿ ಬಂದ ಲಿಂಕ್‌ನಿಂದಲ್ಲ.

• ಹಳೆಯ ತಂತ್ರಾಂಶ ಬೇಕೇ ಬೇಕಾದ ಕಂಪ್ಯೂಟರ್ ಇದ್ದರೆ ಅದನ್ನು ಇಂಟರ್ನೆಟ್‌ನಿಂದ ದೂರವಿಡಿ.

ಕೊನೆಯ ಮಾತು

ಹಳೆಯ ವಿನ್ಯಾಸವೇ ಚೆನ್ನಾಗಿತ್ತು ಎನ್ನುವುದು ನಿಮ್ಮ ಹಕ್ಕು. ಆಪ್‌ನ ‘ಫೀಡ್‌ಬ್ಯಾಕ್’ ಭಾಗದಲ್ಲಿ ಅದನ್ನು ಬರೆದು ತಿಳಿಸಿ. ‘ಅಪ್‌ಡೇಟ್ ಮಾಡಲೇಬೇಡಿ’ ಎಂಬ ಸಂದೇಶವನ್ನು ಮಾತ್ರ ಮುಂದಕ್ಕೆ ಕಳಿಸಬೇಡಿ. ಅದನ್ನು ನಂಬಿದವರ ಫೋನಿನ ಬಾಗಿಲು ವಂಚಕರಿಗೆ ತೆರೆದೇ ಇರುತ್ತದೆ.