ಅಗ್ಗದ ಕಾನೂನು ಸಲಹೆಯೂ ಸಣ್ಣ ವ್ಯಾಪಾರಿಯೂ: ಅಮೆರಿಕದ ಅನುಭವ



ಇಲ್ಲಿ ನೆರೆದಿರುವ ಅನೇಕರು ಕಿರಾಣಿ ಅಂಗಡಿ, ಉಪಾಹಾರಗೃಹ, ಸಾಫ್ಟ್‌ವೇರ್ ಸಂಸ್ಥೆ ಮುಂತಾದ ಸಣ್ಣ ಉದ್ಯಮಗಳನ್ನು ನಡೆಸುತ್ತಿದ್ದೀರಿ. ಬಾಡಿಗೆ ಕರಾರಿಗೋ ಪಾಲುಗಾರಿಕೆ ಪತ್ರಕ್ಕೋ ವಕೀಲರಲ್ಲಿಗೆ ಹೋದರೆ ಗಂಟೆಯ ಲೆಕ್ಕದಲ್ಲಿ ಶುಲ್ಕ ತೆರಬೇಕು. ಗಣಕಯಂತ್ರದ ಮುಂದೆ ಕುಳಿತರೆ ಸಲಹೆ ಅಗ್ಗವಾಗಿ, ಅನೇಕ ವೇಳೆ ಪುಕ್ಕಟೆಯಾಗಿ ದೊರೆಯುತ್ತದೆ. ಈ ಸೌಲಭ್ಯ ಹೇಗೆ ಬಂದಿತು, ಅದರ ಹೊಣೆ ಯಾರದು ಎಂಬುದನ್ನು ಇತಿಹಾಸದ ಬೆಳಕಿನಲ್ಲಿ ಪರಿಶೀಲಿಸುವುದು ಈ ಉಪನ್ಯಾಸದ ಉದ್ದೇಶ.

ಕನೆಕ್ಟಿಕಟ್ ರಾಜ್ಯದ ನಾರ್ಮನ್ ಡೇಸಿ ವಕೀಲರಲ್ಲ. ಆದರೂ 1965ರಲ್ಲಿ ಅವರು 'ಹೌ ಟು ಅವಾಯ್ಡ್ ಪ್ರೊಬೇಟ್' ಎಂಬ ಗ್ರಂಥವನ್ನು ಪ್ರಕಟಿಸಿದರು. ಮೃತರ ಆಸ್ತಿ ನ್ಯಾಯಾಲಯದ ಮೂಲಕ ಹಂಚಿಕೆಯಾಗುವಾಗ ತಗಲುವ ವೆಚ್ಚವನ್ನು ತಪ್ಪಿಸುವ ನಮೂನೆ ಪತ್ರಗಳು ಅದರಲ್ಲಿದ್ದವು. ಗ್ರಂಥ ಅಪಾರವಾಗಿ ಮಾರಾಟವಾಯಿತು. ಇದು ಪರವಾನಗಿಯಿಲ್ಲದ ವಕೀಲಿ ಎಂದು ನ್ಯೂಯಾರ್ಕಿನ ವಕೀಲರ ಸಂಘವೊಂದು ನ್ಯಾಯಾಲಯದ ಮೊರೆಹೊಕ್ಕಿತು. ಕೆಳಗಿನ ನ್ಯಾಯಾಲಯಗಳಲ್ಲಿ ಸಂಘ ಗೆದ್ದರೂ 1967ರಲ್ಲಿ ಆ ರಾಜ್ಯದ ಅತ್ಯುಚ್ಚ ನ್ಯಾಯಾಲಯ ಡೇಸಿಯವರ ಪಕ್ಷವನ್ನು ಎತ್ತಿಹಿಡಿಯಿತು. ಗ್ರಂಥವು ಎಲ್ಲರಿಗೂ ಹೇಳಿದ ಮಾತು, ಬರೆದವರಿಗೂ ಓದಿದವರಿಗೂ ನಡುವೆ ವೈಯಕ್ತಿಕ ನಂಬುಗೆಯ ಸಂಬಂಧವಿಲ್ಲ, ಆದುದರಿಂದ ಅದು ವಕೀಲಿಯಲ್ಲ ಎಂಬುದು ಆ ನಿರ್ಣಯದ ತಿರುಳು.

ಬಾಗಿಲು ತೆರೆಯಿತು. 1971ರಲ್ಲಿ ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ, ಬಡವರ ಕಾನೂನು ನೆರವಿನಲ್ಲಿ ದುಡಿದಿದ್ದ ಇಬ್ಬರು ವಕೀಲರು ನೋಲೋ ಪ್ರಕಾಶನವನ್ನು ಸ್ಥಾಪಿಸಿದರು. ಮುಂದೆ ಪುಸ್ತಕದ ಸ್ಥಾನಕ್ಕೆ ಗಣಕಯಂತ್ರ ಬಂದಿತು. 1999ರ ಆರಂಭದಲ್ಲಿ ಟೆಕ್ಸಾಸಿನ ಫೆಡರಲ್ ನ್ಯಾಯಾಲಯ 'ಕ್ವಿಕನ್ ಫ್ಯಾಮಿಲಿ ಲಾಯರ್' ಎಂಬ ಸಾಫ್ಟ್‌ವೇರನ್ನು ಅನಧಿಕೃತ ವಕೀಲಿಯೆಂದು ಪರಿಗಣಿಸಿ ತಡೆಯಿತು. ಆದರೆ ಅದೇ ವರ್ಷ ಆ ರಾಜ್ಯದ ಶಾಸನಸಭೆ ಕಾನೂನನ್ನು ತಿದ್ದಿತು. 'ಇದು ವಕೀಲರ ಸಲಹೆಗೆ ಬದಲಿಯಲ್ಲ' ಎಂದು ಸ್ಪಷ್ಟವಾಗಿ ನಮೂದಿಸಿದರೆ ಅಂಥ ವಸ್ತುವನ್ನು ಮಾರಬಹುದೆಂದಾಯಿತು. ಪ್ರತಿಯೊಂದು ತಾಣದ ಅಡಿಯಲ್ಲೂ ಇಂದು ಕಾಣುವ ಸಣ್ಣ ಅಕ್ಷರಗಳ ಎಚ್ಚರಿಕೆಗೆ ಇಂಥ ಹಿನ್ನೆಲೆಯಿದೆ.

ಇಲ್ಲಿಯೇ ನಾವು ಗಮನಿಸಬೇಕಾದ ಸಂಗತಿಯಿದೆ. ಯಾವ ಕಾರಣಕ್ಕಾಗಿ ನ್ಯಾಯಾಲಯ ಈ ಸಲಹೆಯನ್ನು ಮುಕ್ತಗೊಳಿಸಿತೋ ಅದೇ ಕಾರಣದಿಂದ ಅದಕ್ಕೆ ಹೊಣೆಗಾರರಿಲ್ಲ. ಎಲ್ಲರಿಗೂ ಹೇಳಿದ ಮಾತು ನಿಮಗೆಂದೇ ಹೇಳಿದ್ದಲ್ಲ. ನಮ್ಮ ನಾಡಿನ ಹಳೆಯ ಕ್ರಯಪತ್ರಗಳ ಕೊನೆಯಲ್ಲಿ 'ಬಿಕ್ಕಲಂ' ಎಂದು ಪತ್ರ ಬರೆದವನು ತನ್ನ ರುಜು ಹಾಕುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ವ್ಯಾಜ್ಯ ಬಂದರೆ ಅವನನ್ನು ಸಾಕ್ಷಿಗೆ ಕರೆಯಬಹುದಿತ್ತು. ಅಂತರಜಾಲದ ನಮೂನೆಗೆ ಬಿಕ್ಕಲಂ ಇಲ್ಲ.

ಇದರ ಪರಿಣಾಮ ಸಣ್ಣದಲ್ಲ. ನೌಕರನು ಕೆಲಸ ಬಿಟ್ಟ ಮೇಲೆ ಪ್ರತಿಸ್ಪರ್ಧೆಗಿಳಿಯಬಾರದೆಂಬ ಷರತ್ತು ಟೆಕ್ಸಾಸಿನಲ್ಲಿ ಕೆಲವು ಮಿತಿಗಳೊಳಗೆ ಊರ್ಜಿತ. ಕ್ಯಾಲಿಫೋರ್ನಿಯದಲ್ಲಾದರೋ 1872ರ ಸಂಹಿತೆಯ ಕಾಲದಿಂದ ಅದು ಸಾಮಾನ್ಯವಾಗಿ ಅನೂರ್ಜಿತ. 2024ರಿಂದ ಅದನ್ನು ಒಪ್ಪಂದದಲ್ಲಿ ಸೇರಿಸುವುದೇ ಕಾನೂನುಬಾಹಿರ. ಒಂದೇ ನಮೂನೆ ಒಂದು ರಾಜ್ಯದಲ್ಲಿ ರಕ್ಷಣೆ, ಇನ್ನೊಂದರಲ್ಲಿ ಕಾನೂನಿನ ಉಲ್ಲಂಘನೆ.

ಯಂತ್ರವೇ ಉತ್ತರಿಸುವ ಈ ಕಾಲದಲ್ಲಿ ಅಪಾಯ ಇನ್ನೂ ಸೂಕ್ಷ್ಮವಾಗಿದೆ. 2023ರಲ್ಲಿ ನ್ಯೂಯಾರ್ಕಿನ ವಕೀಲರೇ ಚಾಟ್‌ಜಿಪಿಟಿಯನ್ನು ನಂಬಿ, ಎಂದೂ ನಡೆಯದ ಮೊಕದ್ದಮೆಗಳ ತೀರ್ಪುಗಳನ್ನು ಉದ್ಧರಿಸಿ 5,000 ಡಾಲರ್ ದಂಡ ತೆತ್ತರು. 'ಯಂತ್ರವಕೀಲ'ನೆಂದು ಪ್ರಚಾರ ಪಡೆದ ಡುನಾಟ್‌ಪೇ ಸಂಸ್ಥೆ, ಸಣ್ಣ ಉದ್ಯಮಗಳ ಜಾಲತಾಣಗಳಲ್ಲಿ ಕಾನೂನುಲೋಪಗಳನ್ನು ಪತ್ತೆಹಚ್ಚುವೆನೆಂದೂ ಹೇಳಿಕೊಂಡಿತ್ತು. ಇಂಥ ಹೇಳಿಕೆಗಳಿಗೆ ಆಧಾರವಿಲ್ಲವೆಂದು ಫೆಡರಲ್ ಟ್ರೇಡ್ ಕಮಿಷನ್ ಆಕ್ಷೇಪಿಸಿದಾಗ, 2024ರಲ್ಲಿ 1,93,000 ಡಾಲರ್ ತೆರಲು ಅದು ಒಪ್ಪಿಕೊಂಡಿತು.

ಹಾಗೆಂದು ಅಗ್ಗದ ಜ್ಞಾನವನ್ನು ತಿರಸ್ಕರಿಸುವುದು ವಿವೇಕವಲ್ಲ. ಡೇಸಿಯವರ ಗೆಲುವು ಸಾಮಾನ್ಯ ಜನರ ಗೆಲುವೂ ಹೌದು. ಕಾನೂನಿನ ಭಾಷೆಯನ್ನು ಕಲಿಯಲು, ಪ್ರಶ್ನೆಗಳನ್ನು ಸಿದ್ಧಪಡಿಸಲು, ಸರಳ ಅರ್ಜಿ ತುಂಬಲು ಅದನ್ನು ಧಾರಾಳವಾಗಿ ಬಳಸೋಣ. ಆದರೆ ಮನೆಯನ್ನು ಒತ್ತೆಯಿಡುವ ಸಾಲಪತ್ರ, ಹತ್ತು ವರ್ಷದ ಬಾಡಿಗೆ ಕರಾರು, ಬಂಧುಗಳೊಡನೆ ಪಾಲುಗಾರಿಕೆ ಇಂಥವುಗಳಿಗೆ ರುಜು ಹಾಕುವ ಮುನ್ನ, ಆ ರಾಜ್ಯದಲ್ಲಿ ಪರವಾನಗಿ ಪಡೆದ ವಕೀಲರೊಬ್ಬರು ಅದನ್ನು ಓದಲಿ. ಇಡೀ ಪತ್ರವನ್ನು ಅವರಿಂದಲೇ ಬರೆಸಬೇಕೆಂದಿಲ್ಲ. ಪರಿಶೀಲನೆಗಷ್ಟೇ ಶುಲ್ಕ ಪಡೆಯುವವರೂ ಇದ್ದಾರೆ. ನಾವು ತೆರುವ ಆ ಹಣ ಕೇವಲ ಮಾಹಿತಿಗಲ್ಲ, ಮಾತಿಗೆ ಹೊಣೆಯಾಗುವ ಒಬ್ಬ ಮನುಷ್ಯನಿಗಾಗಿ.